ಹಿಮ್ಮುಖ ಸೀಟಿನ ಬುಧವಾರಗಳು

ಬುಧವಾರ, ಜನವರಿ ೮

ಗಂಟಲಲ್ಲಿ ಗಂಟು. ಅದನ್ನು ನೋಡಿದವರು ಗಂಟುಮುಖದ ಡಾಕ್ಟರು. ನೋಡುವ ಮೊದಲು ಕಾಯಿಸಿದ್ದು ಗಂಟೆಗಟ್ಟಲೆ. ಇದನ್ನು ಅವರ ಎದುರಿಗೇ ಹೇಳೋಣ ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಅವರು ಟಾರ್ಚು ಬಿಟ್ಟರು. "ಮಾತು ಕಡಿಮೆ ಮಾಡಿ" ಅಂದರು. ಆದ್ದರಿಂದ ಈ ಡೈರಿ. ಆಡಬಾರದ ಮಾತನ್ನೆಲ್ಲ ಇಲ್ಲಿ ಸುರಿಯುವುದು. ಯಾರೂ ಓದಬಾರದು. ಓದಿದವರು ನಗಲೇಬೇಕು.

ನಾನು ಬಸ್ ನಿಲ್ದಾಣದ ಧ್ವನಿವರ್ಧಕದ ಹಿಂದೆ ಆಯಸ್ಸು ಸವೆಸಿದವನು. ಯಾವ ಬಸ್ಸು ಯಾವ ಕಡೆ, ಎಷ್ಟು ತಡ, ಯಾರ ಕೊಡೆ ಕಳೆದಿದೆ, ಎಲ್ಲವೂ ಈ ಗಂಟಲಿಂದಲೇ ಊರಿಗೆ ಗೊತ್ತಾಗಬೇಕಿತ್ತು. ಮಧ್ಯೆ ಮಧ್ಯೆ ನನ್ನದೂ ಒಂದು ಸೇರಿಸುತ್ತಿದ್ದೆ. "ಈ ಬಸ್ಸು ತವರಿಗೆ ಹೊರಟ ಹೆಂಡತಿಯರಿಗೆ ಮಾತ್ರ, ಗಂಡಂದಿರು ದಯವಿಟ್ಟು ಅಳುಮುಖ ಮಾಡಿಕೊಂಡು ನಿಲ್ಲಬೇಕು" ಎಂದು ಒಮ್ಮೆ ಘೋಷಿಸಿ ಮೇಲಧಿಕಾರಿಯಿಂದ ಚೆನ್ನಾಗಿ ಬೈಸಿಕೊಂಡಿದ್ದೆ. ಬೈಯುವಾಗ ಆತನೂ ನಗು ತಡೆದುಕೊಂಡಿದ್ದ.

ಹೋದ ವರ್ಷ ಕಿರಣ ಹಾಯಿಸಿ ಓಡಿಸಿದ್ದ ಗಂಟು ವಿಳಾಸ ಮರೆಯದೆ ವಾಪಸ್ಸು ಬಂದಿದೆ. ಇನ್ನು ಪ್ರತಿ ಬುಧವಾರ ದೊಡ್ಡಾಸ್ಪತ್ರೆಯಲ್ಲಿ ರಕ್ತನಾಳಕ್ಕೆ ಔಷಧಿ ಏರಿಸುತ್ತಾರೆ. ಗಂಟು ಕರಗಿದರೆ ಸರಿ. ಕರಗದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ.

"ಪೆಟ್ಟಿಗೆ ತೆಗೆದ್ರೆ ಒಳಗಿರೋ ಮಾಲು ಎಲ್ಲಿಡ್ತೀರಿ ಡಾಕ್ಟ್ರೇ?" ಅಂದೆ.

ಡಾಕ್ಟರು ನಗಲಿಲ್ಲ. ಪೆಟ್ಟಿಗೆ ಕೊಡುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟೆ. ಸತ್ತರೆ ಮಾತಾಡುತ್ತಲೇ ಸಾಯುತ್ತೇನೆ. ಇವಳು, ಅಂದರೆ ನನ್ನ ಹೆಂಡತಿ, ಪಕ್ಕದಲ್ಲೇ ಕೂತಿದ್ದಳು. ಚೀಲದ ಜಿಪ್ಪು ಎಳೆದಳು, ಮತ್ತೆ ಹಾಕಿದಳು. ಇವಳು ಏನಾದರೂ ಅನ್ನುವವಳೇ ಅಲ್ಲ.

ಆಸ್ಪತ್ರೆ ಇರುವುದು ಬೆಟ್ಟಸಾಲಿನ ಆಚೆ. ರಸ್ತೆ ಸುತ್ತಿ ಸುತ್ತಿ ಇಡೀ ದಿನ ತಿನ್ನುತ್ತದೆ. ಮೇಲಿಂದ ಹೋದರೆ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬಂತು. ಅದಕ್ಕೇ ಒಂದು ಪುಟ್ಟ ಪಂಖದ ವಿಮಾನ ಇದೆ. ನೆತ್ತಿಯ ಮೇಲೆ ರೆಕ್ಕೆ, ರೆಕ್ಕೆಗೆ ಒಂದೊಂದು ಪಂಖ, ಬಸ್ಸಿನಷ್ಟೇ ಜನ, ಬಸ್ಸಿನ ಅಪ್ಪನಷ್ಟು ಸದ್ದು. ಹತ್ತುವುದು ಬಾಲದ ಕಡೆಯ ಬಾಗಿಲಿಂದ. ಎಲ್ಲರೂ ಹಿಂದಿನಿಂದ ನುಗ್ಗುವಾಗ ಬಾಲ ಕುಸಿದು ಮೂತಿ ಮೇಲೇಳಬಾರದು ಎಂದು ಬಾಲದ ಕೆಳಗೆ ಒಂದು ಕೋಲು ನಿಲ್ಲಿಸಿರುತ್ತಾರೆ. ಜನ ಕೂತ ಮೇಲೆ ಕೆಳಗಿನವರು ಅದನ್ನು ತೆಗೆಯುತ್ತಾರೆ.

"ನೋಡೇ, ಬಾಲ ಬಿಚ್ಚಬಾರದು ಅಂತ ಕೋಲು ಕೊಟ್ಟು ನಿಲ್ಸಿದಾರೆ!" ಅಂದೆ.

ಇವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ವಿಮಾನ ಹಾರುವ ಮೊದಲೇ ಇವಳ ಜೀವ ಹಾರುತ್ತದೆ. ನೆಲ ಬಿಡುವಾಗ ನನ್ನ ಮಣಿಕಟ್ಟು ಹಿಡಿದಳು. ನಾನು ಅವಳ ಕಿವಿಗೆ ಬಾಯಿಟ್ಟು ಶುರು ಮಾಡಿದೆ: ಹತ್ತುವಾಗ ಅನುಮಾನ, ಹತ್ತಿದ್ದು ವಿಮಾನ, ಕುಲುಕಿಸುವುದು ಹವಾಮಾನ, ಕಿರುಚಿದರೆ ಅವಮಾನ, ಬದುಕಿ ಇಳಿದರೆ ಬಹುಮಾನ. ಇಳಿಯುವ ತನಕ ಬಾಯಿ ನಿಲ್ಲಿಸಲಿಲ್ಲ. ಅವಳು ಕಣ್ಣು ಬಿಡಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ. ಇವತ್ತು ವಿಮಾನ ಹಾರಿಸಿದ್ದು ಪೈಲಟ್ ಅಲ್ಲ, ಈ ಬಾಯಿ. ಅದನ್ನು ಕಿತ್ತುಕೊಡಬೇಕಂತೆ!

ಶುಕ್ರವಾರ, ಜನವರಿ ೧೦

ಔಷಧಿ ಒಳಗೆ ಹೋದದ್ದೇ ತಡ, ಒಳಗಿದ್ದದ್ದೆಲ್ಲ ಹೊರಗೆ ಬಂತು. ಒಳ್ಳೆ ಜೋಕು ಮಾತ್ರ ಬರಲಿಲ್ಲ.

ಬುಧವಾರ, ಜನವರಿ ೧೫

ಇವತ್ತು ರಂಗಸ್ಥಳ ಸಿಕ್ಕಿತು. ಈ ವಿಮಾನದ ಮೊಟ್ಟಮೊದಲ ಸಾಲಿನ ಸೀಟುಗಳು ಹಿಮ್ಮುಖ. ಉಳಿದವರೆಲ್ಲ ಮುಂದೆ ನೋಡುತ್ತಾರೆ, ಆ ಸಾಲಿನವರು ಬೆನ್ನು ಮಾಡಿಕೊಂಡು ಹಾರುತ್ತಾರೆ. ಯಾರಿಗೂ ಬೇಡವಾದ ಸೀಟು. ನನಗೆ ಮಾತ್ರ ಇಡೀ ಪ್ರೇಕ್ಷಕವರ್ಗ ಸೀಟಿನ ಪಟ್ಟಿ ಕಟ್ಟಿಸಿಕೊಂಡು ಎದುರಿಗೆ! ಎದ್ದು ಹೋಗುವಂತೆಯೇ ಇಲ್ಲ. ಇಂಥ ಸಭೆ ಯಾವ ಭಾಷಣಕಾರನಿಗೆ ಸಿಕ್ಕೀತು?

ಗಗನಸಖಿ ಒಬ್ಬಳೇ. ಕೈ ಚಾಚಿ, ಬಾಗಿಲು ಅಲ್ಲಿ, ಮುಖವಾಡ ಹೀಗೆ ಎಂದು ತೋರಿಸುತ್ತಾಳೆ. ನಾನು ಕೂತಲ್ಲೇ ಅವಳ ಹಿಂದೆ ಅದನ್ನೇ ಮಾಡಿದೆ. ಅವಳು ಎಡಗೈ ಚಾಚಿದರೆ ನಾನೂ ಎಡಗೈ. ಎದುರಿನ ಸೀಟಿನ ಕನ್ನಡಕದ ವ್ಯಾಪಾರಿ ಬಿದ್ದು ಬಿದ್ದು ನಕ್ಕ. ಈತ ಪೆಟ್ಟಿಗೆ ತುಂಬ ಕನ್ನಡಕದ ಚೌಕಟ್ಟು ಹೊತ್ತುಕೊಂಡು ಪ್ರತಿ ಬುಧವಾರ ನಗರಕ್ಕೆ ಹೋಗುವವನು. ಸಖಿ ತಿರುಗಿ ನೋಡಿದಳು.

"ಅಜ್ಜ, ಕೆಲಸಕ್ಕೆ ಸೇರ್ತೀರಾ?"

"ಸಂಬಳ ಬೇಡಮ್ಮ, ಬಿಸ್ಕತ್ತು ಜಾಸ್ತಿ ಕೊಡು."

ಧ್ವನಿ ಸ್ವಲ್ಪ ಒಡೆದಿದೆ. ಹಳೇ ಮೈಕಿನಲ್ಲೂ ಹೀಗೇ ಗರಗರ ಬರುತ್ತಿತ್ತು. ತಟ್ಟಿದರೆ ಸರಿಹೋಗುತ್ತಿತ್ತು.

ಬುಧವಾರ, ಜನವರಿ ೨೯

ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ಭಾನುವಾರದಿಂದ ನನ್ನ ಧ್ವನಿ ಪಿಸುಗುಟ್ಟುವಷ್ಟೇ. ಮನೆಯಲ್ಲಿ ಹೇಗೋ ನಡೆಯುತ್ತದೆ. ವಿಮಾನದಲ್ಲಿ ಪಂಖಗಳು ಶುರುವಾದ ಮೇಲೆ ಪಿಸುಮಾತಿಗೆ ಏನು ಬೆಲೆ? ನೆಲ ಬಿಡುವ ಹೊತ್ತಿಗೆ ಇವಳು ಎಂದಿನಂತೆ ಮಣಿಕಟ್ಟು ಹಿಡಿದಳು. ನಾನು ಕಿವಿಗೆ ಬಾಯಿಟ್ಟೆ. ಗಾಳಿ ಬಂತು, ಮಾತು ಬರಲಿಲ್ಲ.

"ಮಾತಾಡ್ರೀ!" ಅಂತ ಕೂಗಿದಳು.

ತಲೆ ಅಲ್ಲಾಡಿಸಿದೆ.

"ಏನಾದ್ರೂ ಹೇಳಿ, ನಿಮ್ಮ ದರಿದ್ರ ಮಾನ ಅವಮಾನನೇ ಹೇಳಿ!"

ಇನ್ನೊಮ್ಮೆ ಪ್ರಯತ್ನಿಸಿದೆ. ವಿಮಾನ ಒಂದು ಸಲ ಕುಸಿದು ಎದ್ದಿತು. ಆಗ ಇವಳೇ ನನ್ನ ಕಿವಿಗೆ ಬಾಯಿಟ್ಟು ಅರಚತೊಡಗಿದಳು: "ಬೀಕರು, ಬುನ್ಸನ್ ಬರ್ನರು, ಗಾಜಿನ ಕೊಳವೆ, ಚಿಮಟ, ಕಪ್ಪೆ ಕೊಯ್ಯೋ ತಟ್ಟೆ, ಹತ್ತಿ..."

ಇವಳು ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಭಯಕ್ಕೆ ಕಪಾಟಿನ ಸಾಮಾನನ್ನೆಲ್ಲ ನನ್ನ ಕಿವಿಗೆ ಸುರಿಯುತ್ತಿದ್ದಳು. ಕೊನೆಯ ಕಪಾಟಿಗೆ ಬಂದಾಗ "ಸಣ್ಣಪ್ಪ" ಅಂದಳು. ಹುಬ್ಬು ಏರಿಸಿದೆ.

"ಅಸ್ಥಿಪಂಜರ ಕಣ್ರೀ. ಗಾಜಿನ ಬೀರುವಲ್ಲಿ ನೇತಾಡ್ತಿದ್ದ. ಮೈಮೇಲೆ ಏನೂ ಇಲ್ವಲ್ಲ, ಅದಕ್ಕೆ ಸಣ್ಣಪ್ಪ. ಮಧ್ಯಾಹ್ನ ಡಬ್ಬಿ ತೆಗೆದ್ಕೊಂಡು ಅವನ ಮುಂದೆ ಕೂತು ಮಾತಾಡ್ತಿದ್ದೆ."

ಯಾಕೆ ಎಂದು ಕೈಯಾಡಿಸಿದೆ.

"ಯಾಕೆ ಅಂದ್ರೆ? ಮನೇಲಿ ನನ್ನ ಪಾಳಿ ಬರ್ತಾನೇ ಇರ್ಲಿಲ್ವಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ ಎನ್ನುವ ಹಾಗೆ ಹೇಳಿದಳು. ಅಷ್ಟರಲ್ಲಿ ಚಕ್ರ ನೆಲಕ್ಕೆ ತಾಗಿತು. ಇವಳು ಗಪ್‌ಚಿಪ್.

ಶನಿವಾರ, ಫೆಬ್ರವರಿ ೧

ನನ್ನ ಹೆಂಡತಿಗೆ ಇನ್ನೊಬ್ಬನಿದ್ದ! ಅದೂ ಮೂಳೆಚಕ್ಕಳ. ಚಕ್ಕಳವೂ ಇಲ್ಲ, ಬರೀ ಮೂಳೆ. ನಾನು ಊರಿಗೆಲ್ಲ ಬುರುಡೆ ಬಿಡುತ್ತಿದ್ದಾಗ ಇವಳು ಒಂದು ಬುರುಡೆಯ ಮುಂದೆ ಮನಸ್ಸು ಬಿಚ್ಚುತ್ತಿದ್ದಳು.

ಮೂರು ದಿನದಿಂದ ಕಾಯುತ್ತಿದ್ದೇನೆ, ಮನೆಯಲ್ಲಿ ಮತ್ತೆ ಬಾಯಿ ಬಿಡುತ್ತಾಳೇನೋ ಎಂದು. ಬಟ್ಟೆ ಮಡಿಸಿದಳು, ನನ್ನ ಮಾತ್ರೆ ಜೋಡಿಸಿದಳು, ಕಿಟಕಿ ಒರೆಸಿದಳು. ಚೀಟಿಯಲ್ಲಿ ಬರೆದು ತೋರಿಸಿದೆ: 'ಸಣ್ಣಪ್ಪ ಏನನ್ನುತ್ತಿದ್ದ?' ಓದಿ, ಕನ್ನಡಕದ ಮೇಲಿಂದ ನೋಡಿ, "ಈಗ ಕೆಲಸ ಇದೆ" ಅಂದಳು. ಇವಳ ಬಾಯಿಗೆ ಪಂಖ ತಿರುಗಲೇಬೇಕು.

ಬುಧವಾರ ಇನ್ನೂ ಎಷ್ಟು ದೂರ.

ಬುಧವಾರ, ಫೆಬ್ರವರಿ ೫

ಗಂಟು ಕರಗಿಲ್ಲ. ಅಂಗುಲ ಜಾಗ ಬಿಟ್ಟುಕೊಟ್ಟಿಲ್ಲ. ಉಸಿರಿನ ದಾರಿಗೂ ಕೈ ಹಾಕಿದೆಯಂತೆ. ಮುಂದಿನ ಬುಧವಾರ ಬೆಳಿಗ್ಗೆ ಶಸ್ತ್ರವೈದ್ಯರು ನೋಡಿ ತೀರ್ಮಾನಿಸುತ್ತಾರೆ. ತೀರ್ಮಾನ ಅವರದಲ್ಲ, ನನ್ನದು ಎಂದು ಚೀಟಿ ಬರೆದು ಡಾಕ್ಟರ ಕೈಗೆ ಕೊಟ್ಟೆ. ಅವರು ಇವಳ ಮುಖ ನೋಡಿದರು. ಇವಳು ಜಿಪ್ಪು.

ಬರುವಾಗ ವಿಮಾನ ಮೇಲೇರಿದ್ದೇ ಕಥೆ ಶುರು. ಮರೆಯುವ ಮುಂಚೆ ಬರೆದಿಟ್ಟುಕೊಳ್ಳಬೇಕು. ಕಾಲೇಜಿನ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕ ಬಂದಿದ್ದನಂತೆ, ಹುಲಿ. ಒಬ್ಬ ಹುಡುಗಿ ಭಯಕ್ಕೆ ಮೂಕಿಯಾಗಿ ನಿಂತಿದ್ದಾಳೆ. ಅವಳ ಹಿಂದೆ ಸಣ್ಣಪ್ಪನ ಬೀರು, ಬಾಗಿಲು ತೆರೆದಿದೆ.

"ಆತ ಮೇಜು ಗುದ್ದಿ 'ಬಾಯಿ ಬಿಡು! ಬಾಯಿ ಬಿಡು ಅಂತಿದೀನಿ!' ಅಂತ ಕೂಗಿದ್ನಾ? ಸಣ್ಣಪ್ಪ ಬಾಯಿ ಬಿಟ್ಟ."

ನನ್ನ ಕಣ್ಣು ಅಗಲವಾಯಿತು.

"ದವಡೆ ಟಕ್ ಅಂತ ಕೆಳಗೆ ಬಂತು. ಪರೀಕ್ಷಕರು ಕುರ್ಚಿ ಸಮೇತ ಹಿಂದಕ್ಕೆ. ನೀರು ಕುಡಿಸಿ ಎಬ್ಬಿಸಿದ್ವಿ. ಆಮೇಲೆ ಎಲ್ರಿಗೂ ಮೆತ್ತಗೆ ಒಂದೊಂದೇ ಪ್ರಶ್ನೆ. ಹುಡುಗಿ ಪಾಸು."

ದವಡೆ ತಾನಾಗಿ ಹೇಗೆ ಬಿತ್ತು ಎಂದು ನನ್ನ ದವಡೆ ಮುಟ್ಟಿ ಕೇಳಿದೆ.

"ತಾನಾಗಿ ಯಾಕೆ ಬೀಳತ್ತೆ? ದಾರ ನನ್ನ ಕೈಲಿತ್ತಲ್ಲ."

ಇವಳ ಕಡೆಗೇ ನೋಡುತ್ತ ಕೂತೆ. ನಾನು ಊರನ್ನೆಲ್ಲ ಗೋಳು ಹೊಯ್ದುಕೊಂಡವನು, ಪಕ್ಕದಲ್ಲೇ ಇಂಥ ಕಿಲಾಡಿ! ಒಂದು ಮಾತು ಒಪ್ಪಲೇಬೇಕು: ನನ್ನ ಯಾವ ಜೋಕೂ ಇದರ ಹತ್ತಿರ ಬರುವುದಿಲ್ಲ. ಇದನ್ನು ಇವಳಿಗೆ ಹೇಳುವುದಿಲ್ಲ. ತಲೆಗೇರುತ್ತದೆ.

ಇಳಿದಾಗ ಕೈ ನೋಡಿದೆ. ಮಣಿಕಟ್ಟಿನ ಮೇಲೆ ಉಗುರಿನ ಗುರುತಿಲ್ಲ. ಹಿಡಿಯುವುದನ್ನೇ ಮರೆತಿದ್ದಳು.

ಬುಧವಾರ, ಫೆಬ್ರವರಿ ೧೨

ಸುಮ್ಮನೆ ಕೈ ತುರಿಸಿತು, ಅಷ್ಟೇ. ಬೆಳಿಗ್ಗೆ ಅಂಗಿಯನ್ನು ಎರಡು ಸಲ ತಿರುವುಮುರುವಾಗಿ ಹಾಕಿಕೊಂಡಿದ್ದೆ. ಬಹುಶಃ ದೀಪ ಮಂಕಾಗಿತ್ತು. ಶಸ್ತ್ರವೈದ್ಯರ ಭೇಟಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಆದದ್ದು ಇಷ್ಟು. ಜನ ಕಡಿಮೆ ಇದ್ದರು. ಈ ವಿಮಾನದಲ್ಲಿ ಸರಕಿಡುವ ಕೋಣೆ ಮುಂದಿದೆ. ಇವತ್ತು ಅದರಲ್ಲಿ ಭಾರ ಜಾಸ್ತಿ. ಮುಂದಿನ ಸಾಲಿನವರು ಕೆಲವರು ಹಿಂದೆ ಹೋದರೆ ತೂಕ ಸಮವಾಗುತ್ತದಂತೆ. ಸಖಿ ಹಿಂದೆ ನಿಂತು ಯಾರು ಎಲ್ಲಿ ಕೂರಬೇಕೆಂದು ತೋರಿಸುತ್ತಿದ್ದಳು. ಸಾಕಷ್ಟು ಜನ ಹೋದ ಮೇಲೆ ಅಂಗೈ ಎತ್ತಿ "ಸಾಕು" ಅಂದಳು.

ನಾನು ಎದ್ದುನಿಂತೆ. ಅವಳ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಚಾಚಿ, ಉಳಿದವರನ್ನೂ ಹಿಂದಕ್ಕೆ ನಡೆಸಿದೆ. ಗಂಭೀರವಾಗಿ ಬೀಸಿದ ಕೈಯನ್ನು ಯಾರೂ ಪ್ರಶ್ನಿಸುವುದಿಲ್ಲ. ಸಾಲಿಗೆ ಸಾಲೇ ಎದ್ದು ಹೊರಟಿತು. ಸಖಿ ಜನರ ನಡುವೆ ಸಿಕ್ಕಿಕೊಂಡು "ಕೂತ್ಕೊಳ್ಳಿ, ಕೂತ್ಕೊಳ್ಳಿ!" ಎನ್ನುತ್ತಿದ್ದಾಳೆ, ಪಂಖದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಗ ನೆಲ ಮೆಲ್ಲಗೆ ಹಿಂದಕ್ಕೆ ವಾಲಿತು. ಕೆಳಗಿನಿಂದ ಒಂದು ಗಡ್ ಸದ್ದು. ಬಾಲ ತನ್ನ ಕೋಲಿನ ಮೇಲೆ ಕೂತುಬಿಟ್ಟಿತು.

ಪಂಖ ನಿಂತವು. ಕೋಲು ಕಚ್ಚಿಕೊಂಡಿದೆ, ಬಾಲಕ್ಕೆ ಪೆಟ್ಟಾಗಿದೆಯೋ ಎಂದು ಎಂಜಿನಿಯರು ನೋಡಬೇಕು, ಎಲ್ಲರೂ ಇಳಿಯಿರಿ. ಕ್ಯಾಪ್ಟನ್ ಹೊರಗೆ ಬಂದು ಸಖಿಗೆ ಎಲ್ಲರೆದುರು ಕೇಳಿದ: "ತಲೆ ಎಣಿಸೋಕೂ ಬರಲ್ವಾ ನಿಮಗೆ?" ಅವಳ ಮುಖ ಕೆಂಪಾಯಿತು. ನನ್ನ ಕಡೆ ನೋಡಿದಳು, ಹೆಸರು ಹೇಳಲಿಲ್ಲ. ನಾನು ಕೈ ಎತ್ತಿ 'ನಾನು' ಎಂದು ಎದೆ ಮುಟ್ಟಿ ತೋರಿಸಿದೆ. ಕ್ಯಾಪ್ಟನ್‌ಗೆ ಅರ್ಥವಾಗಲಿಲ್ಲ. "ಎದೆ ನೋವಾ ಅಜ್ಜ?" ಅಂದ.

ವಿಮಾನ ಹೊರಟದ್ದು ಮಧ್ಯಾಹ್ನ. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಶಸ್ತ್ರವೈದ್ಯರು ಬೇರೆಯವರ ಕತ್ತು ಕುಯ್ಯಲು ಒಳಗೆ ಹೋಗಿದ್ದರು. ಇನ್ನು ಮುಂದಿನ ವಾರ. "ಈ ಉಸಿರಲ್ಲಿ ಒಂದು ವಾರ ಕಾಯೋದು ಒಳ್ಳೇದಲ್ಲ" ಎಂದಳು ನರ್ಸು.

ಕಾರಿಡಾರಿನಲ್ಲಿ ಇವಳು ನಿಂತಳು. ಪಂಖ ಇಲ್ಲ, ಸದ್ದಿಲ್ಲ, ಆದರೂ ಮಾತಾಡಿದಳು.

"ನಿಮಗೆ ಮಾತು ಹೋದ್ರೆ ಬದುಕಿ ಏನು ಪ್ರಯೋಜನ ಅಂತ. ನಂಗೆ ಈಗ ಮಾತು ಬಂದಿದೆ. ಹೇಳೋಕೆ ಆಳು ಬೇಕು. ಮತ್ತೆ ಹೋಗಿ ಬೀರು ಮುಂದೆ ಕೂತ್ಕೊಳ್ಲಾ?"

ಬರುವಾಗ ನನ್ನ ಪಕ್ಕ ಕೂರಲಿಲ್ಲ. ಕಟ್ಟಕಡೆಯ ಸಾಲಿಗೆ ಹೋಗಿ ಒಬ್ಬಳೇ ಕೂತಳು. ನನ್ನದು ಹಿಮ್ಮುಖದ ಸೀಟು. ವಿಮಾನದ ಉದ್ದಕ್ಕೂ ಕಾಣುತ್ತಿತ್ತು. ನೆಲ ಬಿಟ್ಟಾಗ ಅವಳ ಕೈ ಎರಡೂ ಕಡೆಯ ಹಿಡಿಕೆ ಹಿಡಿದಿತ್ತು, ಗೆಣ್ಣು ಬೆಳ್ಳಗೆ. ಕಣ್ಣು ಮುಚ್ಚಿತ್ತು. ತುಟಿ ಆಡುತ್ತಿತ್ತು. ಪಕ್ಕದ ಸೀಟು ಖಾಲಿ.

ನಾನು ಪಟ್ಟಿ ಬಿಚ್ಚಿ ಎದ್ದೆ. ಸಖಿ ಕೂರಿ ಎಂದು ಕೈ ಮಾಡಿದಳು. ಕೂತೆ.

ಗುರುವಾರ, ಫೆಬ್ರವರಿ ೧೩

ಏನೂ ಇಲ್ಲ.

ಭಾನುವಾರ, ಫೆಬ್ರವರಿ ೧೬

ಮಲಗಿದರೆ ಉಸಿರು ಶಿಳ್ಳೆ ಹೊಡೆಯುತ್ತದೆ. ದಿಂಬಿನ ಮೇಲೆ ದಿಂಬು ಇಟ್ಟು ಕೂರಿಸಿದ್ದಾಳೆ. ಆ ದಿನ ತುಟಿಯಲ್ಲಿ ಏನು ಹೇಳುತ್ತಿದ್ದಳೋ. ನನಗೆ ಒಂದಕ್ಷರ ಕೇಳಲಿಲ್ಲ.

ಬುಧವಾರ, ಫೆಬ್ರವರಿ ೧೯

ಹತ್ತುವಾಗ ಸಖಿಯ ಕೈಗೆ ಚೀಟಿ ಕೊಟ್ಟೆ: 'ತಪ್ಪು ನನ್ನದು. ಕ್ಯಾಪ್ಟನ್‌ಗೂ ಇದನ್ನೇ ಬರೆದಿದ್ದೇನೆ.' ಅವಳು ಓದಿ, "ಇವತ್ತು ನಿಮ್ಮ ಕೈ ಎರಡೂ ತೊಡೆ ಮೇಲಿರ್ಬೇಕು" ಅಂದಳು. ಇಟ್ಟುಕೊಂಡೆ. ಬಿಸ್ಕತ್ತು ಒಂದೇ ಕೊಟ್ಟಳು.

ಇವಳು ಪಕ್ಕದಲ್ಲಿ ಕೂತಿದ್ದಳು, ಆದರೆ ಮುಖ ಕಿಟಕಿಗೆ. ಮೇಲೇರಿದ ಮೇಲೆ ನನ್ನ ಉಳಿದ ಗಾಳಿಯನ್ನೆಲ್ಲ ಒಟ್ಟು ಮಾಡಿ ಕಿವಿಗೆ ಕೇಳಿದೆ, ಆವತ್ತು ಖಾಲಿ ಸೀಟಿನ ಸಣ್ಣಪ್ಪನಿಗೆ ಏನು ಹೇಳಿದೆ?

"ಚಾಡಿ," ಅಂದಳು ಕಿಟಕಿಗೆ. ಅರ್ಧ ಇತ್ತ ತಿರುಗಿ: "ಅವನೂ ನಿಮ್ಮ ಪಾರ್ಟಿನೇ."

ಶಸ್ತ್ರವೈದ್ಯರು ಮೆದು ಮನುಷ್ಯ. ಚಿತ್ರ ಬರೆದು ತೋರಿಸಿದರು. ಪೆಟ್ಟಿಗೆ ಹೋಗುತ್ತದೆ, ಕತ್ತಿನಲ್ಲಿ ತೂತು ಮಾಡುತ್ತಾರೆ, ಅದರಿಂದ ಉಸಿರು. ಮುಂದೆ ಯಂತ್ರ ಒತ್ತಿಕೊಂಡು ಒಂದು ಥರದ ಮಾತು ಕಲಿಯಬಹುದು; ಆ ಧ್ವನಿ ನನ್ನದಾಗಿರುವುದಿಲ್ಲ. ಎಲ್ಲ ಕೇಳಿ 'ತೆಗೆಯಿರಿ' ಎಂದು ಬರೆದೆ.

"ಹೋದ ಸಲ ಬೇಡವೇ ಬೇಡ ಅಂದಿದ್ರಂತಲ್ಲ?"

'ಚಿಕ್ಕ ಮನೆ. ಇಬ್ಬರು ಮಾತಾಡಿದರೆ ಗಲಾಟೆ' ಎಂದು ಬರೆದೆ. ಅವರು ನಕ್ಕರು. ಇವಳು ಚೀಲದ ಜಿಪ್ಪು ಎಳೆದು, ಒಳಗೆ ಮುಖ ಹಾಕಿ, ಬಹಳ ಹೊತ್ತು ಏನೋ ಹುಡುಕಿದಳು. ಸಿಗಲಿಲ್ಲ ಅಂತ ಕಾಣುತ್ತದೆ. ಮೂಗು ಒರೆಸಿಕೊಂಡಳು.

ಬುಧವಾರ, ಮಾರ್ಚ್ ೫

ಪೆನ್ನು ಹಿಡಿಯಲು ಇವತ್ತೇ ಆದದ್ದು. ಬದುಕಿದ್ದೇನೆ. ಕತ್ತಿನಲ್ಲಿ ಒಂದು ಕಿಟಕಿ. ಕೆಮ್ಮಿದರೆ ಗಾಳಿ ಅಲ್ಲಿಂದ. ನರ್ಸು ಹಲೋ ಅಂದಾಗ ಬಾಯಿ ತೆರೆದೆ, ಏನೂ ಬರಲಿಲ್ಲ. ಇನ್ನೂ ಎರಡು ಸಲ ತೆರೆದೆ. ಆಮೇಲೆ ಗೋಡೆ ಕಡೆ ತಿರುಗಿದೆ. ಇವಳು ಮಂಚ ಸುತ್ತಿ ಗೋಡೆ ಕಡೆಗೇ ಬಂದು ನಿಂತಳು.

ಬುಧವಾರ, ಮಾರ್ಚ್ ೨೬

ಮನೆಗೆ ಬಂದೆವು. ಕತ್ತಿಗೆ ತೆಳು ಬಟ್ಟೆ ಸುತ್ತಿಕೊಂಡು, ಅದೇ ಹಿಮ್ಮುಖದ ಸೀಟಿನಲ್ಲಿ. ಯಂತ್ರದ ಮಾತು ಕಲಿಸುವವರು ಮುಂದಿನ ತಿಂಗಳು ಬರಲು ಹೇಳಿದ್ದಾರೆ. ಕಲಿಯೋಣ. ಆತುರ ಏನಿಲ್ಲ.

ಕನ್ನಡಕದ ವ್ಯಾಪಾರಿ ಎದುರಿಗೆ ಸಿಕ್ಕಿದ. ನನ್ನ ಕೈ ಕುಲುಕಿ ಕುಲುಕಿ, ಆಮೇಲೆ ತಡೆಯಲಾರದೆ ಕೇಳಿದ: "ಒಳಗೆ ಕರ್ಕೊಂಡು ಹೋಗೋವಾಗ ಕೊನೇದಾಗಿ ಏನು ಹೇಳಿದ್ರಿ ಸಾರ್? ನಿಮ್ಮಂಥವ್ರು ಭರ್ಜರಿ ಏನೋ ಹೇಳಿರ್ತೀರಿ!"

ಯೋಚಿಸಿದೆ. ನಿಜವಾಗಿ ನೆನಪಿಲ್ಲ. ಇವಳ ಕಡೆ ನೋಡಿದೆ.

"ಭರ್ಜರಿ ಏನಿಲ್ಲ," ಅಂದಳು ಇವಳು. "ತಳ್ಳೋ ಮಂಚದ ಪಕ್ಕ ನಾನು ಕಥೆ ಹೇಳ್ತಾ ಹೋಗ್ತಿದ್ದೆ. ಬಾಗ್ಲು ಬಂತು. ಇವ್ರು 'ಆಮೇಲೆ?' ಅಂತ ಪಿಸುಗುಟ್ಟಿದ್ರು. ಅಷ್ಟೇ. ಬಾಗ್ಲು ಹಾಕ್ಕೊಂಡ್ರು."

ವ್ಯಾಪಾರಿಗೆ ನಿರಾಸೆಯಾದಂತೆ ಕಂಡಿತು. ಪಾಪ.

ಕಥೆ ಎಲ್ಲಿಗೆ ನಿಂತಿತ್ತು ಎಂಬುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕಾಲೇಜು ಹೊಸ ಕಟ್ಟಡಕ್ಕೆ ಹೋದಾಗ ಸಣ್ಣಪ್ಪನನ್ನು ಸಾಗಿಸಲು ಗಾಡಿ ಸಿಗಲಿಲ್ಲ. ಇವಳು ಅವನಿಗೆ ಹೊದಿಕೆ ಸುತ್ತಿ, ಟೋಪಿ ಹಾಕಿ, ಬಸ್ಸು ಹತ್ತಿಸಿ ಕಿಟಕಿ ಪಕ್ಕ ಕೂರಿಸಿದಳು. ಕಂಡಕ್ಟರು ಬಂದ. "ಇವರಿಗೆ?" ಅಂದ. ಇವಳು "ಹಿರಿಯ ನಾಗರಿಕರು, ರಿಯಾಯಿತಿ ಕೊಡಿ" ಅಂದಳು. ಅಲ್ಲಿಗೆ ಬಾಗಿಲು ಮುಚ್ಚಿದ್ದು. ಆಸ್ಪತ್ರೆಯಲ್ಲಿ ಎಷ್ಟು ಗೋಗರೆದು ಬರೆದರೂ "ಮೇಲೆ ಹೋದ್ಮೇಲೆ ಹೇಳ್ತೀನಿ" ಎಂದು ಸತಾಯಿಸಿದಳು. ಮೇಲೆ ಎಂದರೆ ಯಾವ ಮೇಲೆ ಎಂದು ನರ್ಸು ಗಾಬರಿಯಾಗಿದ್ದಳು.

ಇವತ್ತು ಪಂಖ ತಿರುಗಿದ್ದೇ ಶುರು ಮಾಡಿದಳು. ಆದರೆ ಮೊದಲಿಂದ! ಹೊದಿಕೆ ಯಾರದು, ಟೋಪಿ ಯಾರ ಹತ್ತಿರ ಕಸಿದದ್ದು, ಮೆಟ್ಟಿಲಿನಲ್ಲಿ ಮೊಣಕಾಲು ಹೇಗೆ ಸಿಕ್ಕಿಕೊಂಡಿತು. ಬೆಟ್ಟ ದಾಟಿತು. ಮೋಡ ಬಂತು, ಎರಡು ಸಲ ಕುಲುಕಿತು, ಇವಳು ಮಾತು ನಿಲ್ಲಿಸಲಿಲ್ಲ. ಕಂಡಕ್ಟರು ಹತ್ತಿರ ಬರುವಷ್ಟರಲ್ಲಿ ಚಕ್ರ ನೆಲಕ್ಕೆ ತಾಗಿತು. ಪಂಖ ನಿಂತವು. ಎಲ್ಲರೂ ಎದ್ದರು, ಚೀಲ ಇಳಿಸಿದರು, ಬಾಲದ ಬಾಗಿಲಿಂದ ಒಬ್ಬೊಬ್ಬರೇ ಇಳಿದುಹೋದರು. ಸದ್ದೆಲ್ಲ ಅಡಗಿತು. ಈಗ ಬಾಯಿ ಮುಚ್ಚುತ್ತಾಳೆ ಎಂದುಕೊಂಡೆ.

"ಅಜ್ಜ, ಊರು ಬಂತು," ಎಂದಳು ಸಖಿ.

"ಒಂದ್ನಿಮಿಷ ಇರಮ್ಮ," ಅಂದಳು ಇವಳು, ಅವಳ ಕಡೆ ತಿರುಗಿಯೂ ನೋಡದೆ. "ಆ ಕಂಡಕ್ಟರು ಬಗ್ಗಿ, ಟೋಪಿ ಸ್ವಲ್ಪ ಮೇಲೆತ್ತಿ, ಮುಖ ನೋಡಿದ..."

ನಾನು ಬಿಚ್ಚಿದ್ದ ಸೀಟಿನ ಪಟ್ಟಿಯನ್ನು ಮತ್ತೆ ಹಾಕಿಕೊಂಡೆ.